ಕಾಯಿ ಎತ್ತುವ ಮುನ್ನ

2024ರಲ್ಲಿ ‘ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್’ ಎಂಬ ಕಂಪ್ಯೂಟರ್ ಆಟಗಳ ಸರಣಿಗೆ ಹೊಸ ಆಟವೊಂದು ಬರಲಿದೆಯೆಂದು ಯೂಬಿಸಾಫ್ಟ್ ಕಂಪನಿ ಸಾರಿತು. ‘ಓಲ್ಡನ್ ಎರಾ’ ಎಂದು ಅದರ ಹೆಸರು. ಆಗ ಹೊರಬಂದ ಚಿತ್ರಗಳನ್ನು ನೋಡಿದರೆ ಸಾಕು, ಕಟ್ಟುತ್ತಿದ್ದವರ ಮನಸ್ಸು 1999ರಲ್ಲಿ ಬಂದ ಮೂರನೆಯ ಆಟದಲ್ಲೇ ನೆಟ್ಟಿತ್ತೆಂದು ತಿಳಿಯುತ್ತದೆ. ಕುದುರೆಯ ಮೇಲಿನ ನಾಯಕ, ದಾರಿಬದಿಯಲ್ಲಿ ಬಿದ್ದ ಚಿನ್ನದ ರಾಶಿ, ಗಣಿಯ ಬಾಗಿಲಲ್ಲಿ ಕಾವಲು ನಿಂತ ಪ್ರಾಣಿ. ಈಗ ನಲವತ್ತರ ಆಚೀಚೆ ಇರುವ, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ನೆಲೆಸಿದ, ಆಂಧ್ರದ ಆದೋನಿ ಕಡೆಯ ಕೆಲವರಿಗೆ ಈ ಸುದ್ದಿ ಒಂದು ಇಡೀ ಕಾಲವನ್ನು ಎಬ್ಬಿಸಿ ಕೂರಿಸಿತು. ಆ ಕಾಲವೆಂದರೆ 2000ದ ಸುಮಾರಿನಿಂದ ಹೆಚ್ಚುಕಡಿಮೆ ಹತ್ತು ವರ್ಷ: ಝೆರಾಕ್ಸ್ ಅಂಗಡಿಯ ಹಿಂದೆಯೋ ಮೊದಲ ಮಾಳಿಗೆಯಲ್ಲೋ ನಾಲ್ಕಾರು ಕಂಪ್ಯೂಟರ್ ಇಟ್ಟು ಗಂಟೆಗಿಷ್ಟೆಂದು ದುಡ್ಡು ತೆಗೆದುಕೊಳ್ಳುತ್ತಿದ್ದ ಕೋಣೆಗಳ ಕಾಲ. ಅಲ್ಲಿ ಕಾರು ಓಡಿಸುವ, ಗುಂಡು ಹಾರಿಸುವ ಆಟಗಳಿಗೆ ಗಿರಾಕಿಗಳು ಜಾಸ್ತಿ. ಆದರೆ ಒಂದು ಮೂಲೆಯಲ್ಲಿ, ಒಂದೇ ಪರದೆಯ ಮುಂದೆ ನಾಲ್ಕು ಜನ ಕೂತು, ಒಬ್ಬ ಮೌಸ್ ಹಿಡಿದು ಉಳಿದವರು ಯೋಚಿಸುತ್ತ, ಒಂದು ಹೆಜ್ಜೆ ಇಡುವುದಕ್ಕೆ ಐದು ನಿಮಿಷ ತೆಗೆದುಕೊಳ್ಳುವ ಗುಂಪೂ ಇರುತ್ತಿತ್ತು. ವೇಗವಿಲ್ಲದ, ಸದ್ದಿಲ್ಲದ, ತನ್ನ ಪಾಳಿ ಬರುವವರೆಗೆ ಕಾಯಲೇಬೇಕಾದ ಈ ಮಾಯಾಲೋಕದ ಯುದ್ಧದಾಟ ಆದೋನಿ ಸುತ್ತಿನ ಕಪ್ಪುನೆಲದ ಊರುಗಳ ಹುಡುಗರನ್ನು ಯಾಕೆ ಹಿಡಿದಿಟ್ಟುಕೊಂಡಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದೂ ಆ ಕಾಲವನ್ನು ನೆನೆಯುವುದೂ ಬೇರೆ ಬೇರೆ ಕೆಲಸಗಳೆಂದು ನನಗೆ ಅನ್ನಿಸುವುದಿಲ್ಲ.

ಊರುಗಳ ಸ್ಥಿತಿಯನ್ನು ಮೊದಲು ಹೇಳಬೇಕು. ಆದೋನಿ ಮತ್ತು ಆಲೂರು ತಾಲೂಕುಗಳು 1953ರ ಸೆಪ್ಟೆಂಬರ್ ಮುಗಿಯುವ ತನಕ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅವೆರಡೂ ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ ಹೋದವು. ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಗೆರೆ ಎಳೆದ ಮೇಲೆ ಪೆದ್ದಹರಿವಾಣಂ, ಹೊಳಗುಂದ, ಕೌತಾಳಂ ಸುತ್ತಿನ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು, ಕಚೇರಿಯ ಕಾಗದ ತೆಲುಗಾಯಿತು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗ ಆದೋನಿಗೆ ಬಂದರೆ ಕಾಲೇಜಿನಲ್ಲಿ ತೆಲುಗು ಅಥವಾ ಇಂಗ್ಲಿಷ್, ಬಜಾರಿನಲ್ಲಿ ತೆಲುಗು, ಉರ್ದು. ಅವನು ಎಲ್ಲಿಯೂ ಪೂರ್ತಿ ಮೂಕನಲ್ಲ, ಎಲ್ಲಿಯೂ ಥಟ್ಟನೆ ಉತ್ತರ ಕೊಡಬಲ್ಲವನೂ ಅಲ್ಲ. ಮೂರು ಭಾಷೆಗಳ ನಡುವೆ ಬೆಳೆದ ಮಗು ಬಾಯಿ ತೆರೆಯುವ ಮುಂಚೆ ಒಂದು ಕ್ಷಣ ತೆಗೆದುಕೊಳ್ಳುತ್ತದೆ. ತರಗತಿಯಲ್ಲಿ, ಸಂದರ್ಶನದಲ್ಲಿ, ಬಸ್ ನಿಲ್ದಾಣದಲ್ಲಿ ಆ ಒಂದು ಕ್ಷಣವನ್ನು ದಡ್ಡತನವೆಂದೇ ಎಣಿಸುತ್ತಿದ್ದರು. ಪಾಳಿಯ ಆಟ ಅದನ್ನು ಹಾಗೆ ಎಣಿಸಲಿಲ್ಲ. ಎಷ್ಟು ಹೊತ್ತಾದರೂ ಅದು ಕಾಯುತ್ತಿತ್ತು.

ಗೊತ್ತಿಲ್ಲದವರಿಗಾಗಿ ಆಟದ ರೀತಿ ಒಂದಿಷ್ಟು. ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಸಂಸ್ಥೆಯ ಜಾನ್ ವ್ಯಾನ್ ಕ್ಯಾನೆಗೆಮ್ 1990ರಲ್ಲಿ ‘ಕಿಂಗ್ಸ್ ಬೌಂಟಿ’ ಎಂಬ ಆಟ ಮಾಡಿದರು. ಅದರ ಬೀಜದಿಂದಲೇ 1995ರಲ್ಲಿ ‘ಹೀರೋಸ್’ ಸರಣಿ ಮೊಳೆಯಿತು. ಮೂರನೆಯ ಭಾಗದಲ್ಲಿ ಎಂಟು ಬಗೆಯ ಪಟ್ಟಣಗಳಿವೆ. ಒಂದರಲ್ಲಿ ದೇವದೂತರು, ಒಂದರಲ್ಲಿ ಅಸ್ಥಿಪಂಜರಗಳು, ಒಂದರಲ್ಲಿ ನಾಗಿನಿಯರು ಮತ್ತು ಜೀನಿಗಳು. ಪ್ರತಿ ಪಟ್ಟಣಕ್ಕೂ ಏಳು ಮೆಟ್ಟಿಲಿನ ಸೈನ್ಯ. ಚಿನ್ನ, ಮರ, ಅದಿರು, ಪಾದರಸ, ಗಂಧಕ, ಹರಳು, ರತ್ನ ಎಂದು ಏಳು ಸಂಪತ್ತು. ವಾರಕ್ಕೆ ಏಳು ದಿನ, ಒಂದು ಪಾಳಿಗೆ ಒಂದು ದಿನ. ದಿನಕ್ಕೆ ಇಂತಿಷ್ಟೇ ದೂರ ನಡೆಯಬಹುದು. ವಾರದ ಮೊದಲ ದಿನ ಪಟ್ಟಣಗಳಲ್ಲಿ ಹೊಸ ಸೈನಿಕರು ಹುಟ್ಟುತ್ತಾರೆ. ಎದುರಾಳಿ ಸಿಕ್ಕರೆ ಷಟ್ಕೋನದ ಮನೆಗಳ ರಣರಂಗ ತೆರೆದುಕೊಳ್ಳುತ್ತದೆ, ಅಲ್ಲಿಯೂ ಪಾಳಿಯೇ. ಒಂದು ಪ್ರಾಣಿಯ ಚಿತ್ರದ ಕೆಳಗೆ 40 ಎಂದು ಬರೆದಿದ್ದರೆ ಅಲ್ಲಿ ನಲವತ್ತು ಪ್ರಾಣಿಗಳಿವೆ ಎಂದರ್ಥ. ಹೊಡೆಸಿಕೊಂಡವರು ಒಂದು ಸುತ್ತಿಗೆ ಒಂದೇ ಸಲ ತಿರುಗಿ ಹೊಡೆಯುತ್ತಾರೆ. ಇಷ್ಟು ಗೊತ್ತಾದರೆ ಇಂಗ್ಲಿಷ್ ಅರ್ಧಂಬರ್ಧ ಬರುವವನೂ ಆಡಬಲ್ಲ, ಯಾಕೆಂದರೆ ಉಳಿದದ್ದು ಚಿತ್ರ ಮತ್ತು ಅಂಕಿ. ಆಗಿನ ಹಳೆಯ ಪೆಂಟಿಯಂ ಯಂತ್ರಗಳಲ್ಲೂ ಇದು ಓಡುತ್ತಿತ್ತು, ಸಿ.ಡಿ. ಕೈಯಿಂದ ಕೈಗೆ ನಕಲಾಗಿ ಬರುತ್ತಿತ್ತು. ಕರೆಂಟು ಹೋದರೆ ಯು.ಪಿ.ಎಸ್. ಕೂಗಿಕೊಳ್ಳುತ್ತಿರುವಾಗಲೇ ಆಟವನ್ನು ಉಳಿಸಿಟ್ಟು ಏಳಬಹುದಿತ್ತು, ಮರುದಿನ ಬಂದು ಅದೇ ಹೆಜ್ಜೆಯಿಂದ ಮುಂದುವರಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ‘ಹಾಟ್ ಸೀಟ್’ ಎಂಬ ಏರ್ಪಾಡು: ಎಂಟು ಜನರವರೆಗೆ ಒಂದೇ ಕಂಪ್ಯೂಟರಿನಲ್ಲಿ, ಒಬ್ಬರಾದ ಮೇಲೆ ಒಬ್ಬರು. ಕೆಂಪು ಬಣ್ಣದವನ ಪಾಳಿ ಬಂದಾಗ ನೀಲಿಯವನು ಮುಖ ಆಚೆ ತಿರುಗಿಸಬೇಕು, ಇಲ್ಲದಿದ್ದರೆ ಗುಟ್ಟು ಬಯಲಾಗುತ್ತದೆ. ಕಂಪ್ಯೂಟರ್ ಒಂದು, ಹುಡುಗರು ಹಲವರು, ಕಿಸೆಯಲ್ಲಿ ಕಾಸು ಕಡಿಮೆ. ಇಂಥ ಕಡೆಗೆಂದೇ ಹೇಳಿ ಮಾಡಿಸಿದ ಹಾಗಿತ್ತು.

ಹೊಂದಿಕೆಯಾಗಿದ್ದು ಸೌಕರ್ಯಕ್ಕೆ ಮಾತ್ರವೇ ಎಂದರೆ ಪ್ರಶ್ನೆ ಅರ್ಧದಲ್ಲೇ ನಿಲ್ಲುತ್ತದೆ. ಆ ಹುಡುಗರಿಗೆ ಈ ಆಟದ ಒಳಗುಟ್ಟು ಅಷ್ಟು ಬೇಗ ಹಿಡಿತಕ್ಕೆ ಸಿಕ್ಕಿದ್ದರ ಕಾರಣ ಗುಡಿಯ ಕಟ್ಟೆಯ ಮೇಲಿತ್ತು. ಬಳ್ಳಾರಿ ಸೀಮೆಯಿಂದ ಆದೋನಿಯ ಈಚೆಗಿನ ಊರುಗಳವರೆಗೆ ಕಟ್ಟೆಯ ಚಪ್ಪಡಿಯಲ್ಲಿ ಹುಲಿ-ಕುರಿ ಆಟದ ಗೆರೆಗಳಿರುತ್ತವೆ. ಹಂಪಿಯ ಬಂಡೆಗಳ ಮೇಲೂ ಅಂಥವೇ ಗೆರೆಗಳಿವೆ. ಎಲ್ಲೆಡೆ ಬಳಕೆಯಲ್ಲಿರುವ ರೂಪದಲ್ಲಿ 23 ಕೂಡುಬಿಂದುಗಳು, ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗೆ ಹಲ್ಲಿಲ್ಲ, ಉಗುರಿಲ್ಲ. ಅದಕ್ಕಿರುವುದು ಎಣಿಕೆ ಮತ್ತು ಜಾಗ. ಹದಿನೈದೂ ಮಣೆಗೆ ಬರುವ ತನಕ ಇಟ್ಟ ಕುರಿ ಅಲುಗುವಂತಿಲ್ಲ. ಹುಲಿಗಳಿಗೆ ಹೋಗಲು ಎಡೆ ಇಲ್ಲದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಚದುರಂಗದಲ್ಲಿ ಎರಡೂ ಕಡೆಯ ಬಲ ಸಮ. ಇಲ್ಲಿ ಎರಡು ಕಡೆಯ ಬಲ, ಚಲನೆ, ಗೆಲುವಿನ ಅರ್ಥ ಎಲ್ಲವೂ ಬೇರೆ. ಆದರೂ ಆಟ ನ್ಯಾಯವಾಗಿ ತೂಗುತ್ತದೆ. ದೇವದೂತರ ಪಟ್ಟಣಕ್ಕೂ ಅಸ್ಥಿಪಂಜರಗಳ ಪಟ್ಟಣಕ್ಕೂ ನಡುವೆ ಇರುವ ಸಂಬಂಧವೂ ಇಂಥದ್ದೇ. ಒಂದು ಕಡೆ ಕೆಲವೇ ಬಲಾಢ್ಯರು, ಇನ್ನೊಂದು ಕಡೆ ಒಬ್ಬೊಬ್ಬರಾಗಿ ಏನೂ ಅಲ್ಲದ, ಒಟ್ಟಾದರೆ ತಡೆಯಲಾಗದ ಬಡಪಾಯಿಗಳು. ಯಾವ ಕುರಿಯನ್ನು ಕೊಟ್ಟು ಹುಲಿಯನ್ನು ಮೂಲೆಗೆ ಎಳೆಯಬೇಕು ಎಂಬ ಲೆಕ್ಕ ಬಾಲ್ಯದಲ್ಲೇ ತಲೆಗೆ ಇಳಿದಿದ್ದವನಿಗೆ, ಒಂದೇ ಒಂದು ಸಣ್ಣ ಪ್ರಾಣಿಯನ್ನು ಮುಂದೆ ಬಿಟ್ಟು ಎದುರಾಳಿಯ ತಿರುಗೇಟನ್ನು ಅದರ ಮೇಲೆ ಮುಗಿಸಿಬಿಡುವ ‘ಹೀರೋಸ್’ ಪಟ್ಟು ಯಾರೂ ಹೇಳಿಕೊಡದೆ ಹೊಳೆಯುತ್ತಿತ್ತು.

ಮಣೆಯಾಟದೊಂದಿಗೆ ಈ ನಾಡಿಗಿರುವ ಸಂಬಂಧಕ್ಕೆ ಹಳೆಯ ಬೇರೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ‘ಮಾನಸೋಲ್ಲಾಸ’ ಅರಸನ ವಿನೋದಗಳ ನಡುವೆ ಚದುರಂಗಕ್ಕೂ ಪಗಡೆಗೂ ಜಾಗ ಕೊಟ್ಟಿದೆ. ಆದೋನಿ ಸೀಮೆಯೂ ಆ ಚಾಲುಕ್ಯರ ಆಳ್ವಿಕೆಗೆ ಸೇರಿದ್ದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕತೆ ಇನ್ನೂ ಹೆಚ್ಚು ಹೇಳುತ್ತದೆ. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವ ತನಕ ಅವರು ಹೆಸರಿಗೆ ಮಾತ್ರ ದೊರೆ. ಆ ದೊರೆ ಹಲವು ಹೊಸ ಮಣೆಯಾಟಗಳನ್ನು ಕಲ್ಪಿಸಿದರು, ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ರಾಜ್ಯದಲ್ಲಿ ನಡೆ ಇಡುವ ಅಧಿಕಾರವಿಲ್ಲದವರು ಮಣೆಯ ಮೇಲೆ ಅದನ್ನು ಪಡೆದುಕೊಂಡರು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ಇದನ್ನು ಪಲಾಯನ ಎನ್ನುವವರು ಇದ್ದಾರೆ. ಆಟವನ್ನು ಕಟ್ಟುವವರಿಗೆ, ಆಡುವವರಿಗೆ ಅದು ಕಾರಣ ಮತ್ತು ಫಲ ಒಂದಕ್ಕೊಂದು ನಿಷ್ಠವಾಗಿರುವ ಒಂದೇ ಒಂದು ಜಾಗವಾಗಿರಬಹುದು ಎಂಬುದನ್ನು ಅವರು ಮರೆಯುತ್ತಾರೆ.

ನನ್ನ ವಾದದ ಗಟ್ಟಿ ನೆಲ ಇದೇ. ಇಂಥ ಆಟಗಳ ಸೆಳೆತ ಗೆಲುವಿನಲ್ಲಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ದುರ್ಬಲ ಹುಡುಗನಿಗೆ ಪರದೆಯ ಮೇಲೆ ಚಕ್ರವರ್ತಿಯಾಗುವ ಸುಖ ಎಂದು. ಹಾಗಿದ್ದರೆ ಸೋತವನು ಎದ್ದು ಹೋಗಬೇಕಿತ್ತು. ಸೋತವರೇ ಹೆಚ್ಚು ಹೊತ್ತು ಕೂತಿರುತ್ತಿದ್ದರು. ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ನೋಡುತ್ತಿದ್ದರು: ಮೂರನೆಯ ದಿನ ಕೋಟೆ ಕಟ್ಟುವ ಬದಲು ಮಂತ್ರದ ಮನೆ ಕಟ್ಟಿದ್ದು, ಎರಡನೆಯ ವಾರ ಗಂಧಕದ ಗಣಿಯ ಕಡೆ ನಾಯಕನನ್ನು ಕಳಿಸದಿದ್ದದ್ದು. ಸೋಲಿಗೆ ಕಾರಣ ಸಿಗುತ್ತಿತ್ತು. ಯಾವ ಪ್ರಾಣಿ ಎಷ್ಟು ಹೊಡೆಯುತ್ತದೆ, ಎಷ್ಟು ತಡೆಯುತ್ತದೆ, ಎಷ್ಟು ವೇಗ, ಎಲ್ಲವೂ ಮೌಸಿನ ಬಲಗುಂಡಿ ಒತ್ತಿದರೆ ಬರೆದಿರುತ್ತದೆ. ಅದೃಷ್ಟಕ್ಕೂ ಜಾಗವಿದೆ, ಆದರೆ ಅದರ ಗಡಿಯೂ ಬರೆದಿರುತ್ತದೆ. ಈಗ ಅದೇ ಹುಡುಗನ ಮನೆಯನ್ನು ನೋಡಿ. ಎರೆಹೊಲಕ್ಕೆ ಹತ್ತಿ ಬಿತ್ತಿದ ಅಪ್ಪ ಮಳೆಗೆ ಕಾದ, ಕೂಲಿಗೆ ಕೊಟ್ಟ, ಔಷಧಿ ಹೊಡೆಸಿದ, ಆದೋನಿಯ ಹತ್ತಿ ಮಾರುಕಟ್ಟೆಗೆ ತಂದು ಸುರಿದ. ಆ ದಿನದ ದರ ಯಾಕೆ ಅಷ್ಟೇ ಎಂದು ಅವನಿಗೆ ಯಾರೂ ಹೇಳಲಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿ ಹೊಲದ ಲೆಕ್ಕಾಚಾರವೇ ಬದಲಾಗುತ್ತಿದ್ದ ವರ್ಷಗಳವು. ಬೀಜದ ಪೊಟ್ಟಣದ ಮೇಲಿನ ಮಾತಿಗೂ ಹೊಲದಲ್ಲಿ ಕಂಡದ್ದಕ್ಕೂ ತಾಳೆ ಹಾಕಿ ನೋಡುವಷ್ಟು ವಿವರ ರೈತನ ಕೈಗೆ ಬರುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೋ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಅಲ್ಲಿ ಸೋಲಿತ್ತು, ಓದಿಕೊಳ್ಳಬಹುದಾದ ಕಾರಣವಿರಲಿಲ್ಲ. ಆಟ ಬದುಕಿಗೆ ತರಬೇತಿ ಕೊಟ್ಟಿತೆಂದು ನಾನು ಹೇಳಲಾರೆ. ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡುವ ಸೌಲಭ್ಯ ಯಾವ ರೈತನಿಗೂ ಇಲ್ಲ. ಆದರೆ ಸೋತರೂ ಅವಮಾನವಾಗದ, ಸೋತದ್ದು ಯಾಕೆಂದು ಕೂತು ತಿಳಿಯಬಹುದಾದ ಒಂದು ನೆಲ ಆ ವಯಸ್ಸಿನ ಮಕ್ಕಳಿಗೆ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ.

ಮಾಯಾಲೋಕ ಪರದೇಶದ್ದು, ಗ್ರಿಫಿನ್ನು ಡ್ರ್ಯಾಗನ್ನುಗಳಿಗೂ ನಮಗೂ ಏನು ನಂಟು ಎಂದು ಕೇಳುವವರಿಗೆ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ. ವಿಜಯನಗರದ ಗುಡಿಗಳ ಕಂಬ ಕಂಬದಲ್ಲೂ ಹಿಂಗಾಲ ಮೇಲೆ ಎದ್ದು ನಿಂತ ಯಾಳಿಗಳಿವೆ, ಎರಡು ತಲೆಯ ಗಂಡಭೇರುಂಡ ನಾಣ್ಯದ ಮೇಲೂ ಕೂತಿತ್ತು. ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯ ಕನ್ನಡ ಚಿತ್ರಗಳಿಂದ ಆರಂಭಿಸಿ ಮದರಾಸಿಗೆ ಹೋಗಿ, ತೆಲುಗಿನಲ್ಲಿ ದೆವ್ವ, ಮಾಂತ್ರಿಕ, ಹಾರುವ ಅಸ್ಥಿಪಂಜರಗಳ ಒಂದು ಪ್ರಪಂಚವನ್ನೇ ಕಟ್ಟಿದರು. 1978ರ ‘ಜಗನ್ಮೋಹಿನಿ’ಯ ದೆವ್ವಗಳನ್ನು ಗಡಿಯ ಎರಡೂ ಬದಿಯ ಹಳ್ಳಿಗಳು ಸಮನಾಗಿ ಬಲ್ಲವು. ಕನ್ನಡದಲ್ಲೂ ಬರುತ್ತಿದ್ದ ಮಕ್ಕಳ ಪತ್ರಿಕೆ ‘ಚಂದಮಾಮ’ ಮನೆಯೊಳಗೇ ಬೇತಾಳನನ್ನು ತಂದು ಕೂರಿಸಿತ್ತು. ಬಯಲಾಟದ ರಾಕ್ಷಸ ಸುಗ್ಗಿ ಮುಗಿದ ಮೇಲೆ ಊರಿಗೇ ಬರುತ್ತಿದ್ದ. ಸತ್ತವರನ್ನು ಎಬ್ಬಿಸಿ ಸೈನ್ಯಕ್ಕೆ ಸೇರಿಸಿಕೊಳ್ಳುವ ಮಾಂತ್ರಿಕನನ್ನು ಕಂಪ್ಯೂಟರಿನಲ್ಲಿ ಕಂಡಾಗ ಇಲ್ಲಿಯ ಹುಡುಗರಿಗೆ ಪರಿಚಯ ಬೇಕಾಗಲಿಲ್ಲ. ಇನ್ನೊಂದು ವಿವರ ನನಗೆ ತುಂಬ ಇಷ್ಟ: ಆಟದಲ್ಲಿ ಹೊಸ ವಾರ ಶುರುವಾದಾಗ ಜ್ಯೋತಿಷಿಗಳು ಇದು ಇಂಥ ಪ್ರಾಣಿಯ ವಾರ, ಅದರ ಸಂತತಿ ಹೆಚ್ಚುತ್ತದೆ ಎಂದು ಸಾರುತ್ತಾರೆ; ಒಮ್ಮೊಮ್ಮೆ ಪಿಡುಗಿನ ತಿಂಗಳೆಂದು ಹೇಳಿ ಎಲ್ಲ ಪಟ್ಟಣಗಳ ಸಂತತಿಯನ್ನು ಅರ್ಧ ಮಾಡುತ್ತಾರೆ. ಯುಗಾದಿಯ ದಿನ ಗುಡಿಯಲ್ಲಿ ಕೂತು ಈ ವರ್ಷ ಮಳೆ ಎಷ್ಟು ಕೊಳಗ, ಬೆಳೆ ಹೇಗೆ ಎಂದು ಪಂಚಾಂಗ ಕೇಳಿದ ಕಿವಿಗೆ ಇದು ಮನೆಯ ಮಾತಿನಂತೆ ಕೇಳಿಸುತ್ತದೆ. ಒಂದೇ ವ್ಯತ್ಯಾಸ, ಆಟದ ಜ್ಯೋತಿಷಿ ಹೇಳಿದ್ದು ಆಗಿಯೇ ಆಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಈ ಆಟಗಳು ಹೊತ್ತು ನುಂಗುತ್ತವೆ. ಇದನ್ನು ನಾನು ಒಪ್ಪುತ್ತೇನೆ, ಅರೆಮನಸ್ಸಿನಿಂದಲ್ಲ. ದಿನ ಮುಗಿಸುವ ಗುಂಡಿ ಒತ್ತಿದರೆ ನಾಳೆ ಬರುತ್ತದೆ. ನಾಳೆ ಕಟ್ಟಡ ಮೇಲೇಳುತ್ತದೆ, ನಾಡಿದ್ದು ಸೈನ್ಯ ಹುಟ್ಟುತ್ತದೆ. ಇನ್ನೊಂದೇ ದಿನ ನೋಡಿಬಿಡೋಣ ಎನ್ನುವ ಆಸೆಗೆ ಇಲ್ಲಿ ತಳವಿಲ್ಲ. ಆಟಕ್ಕೆ ತನ್ನದೇ ಗಡಿಯಾರವಿಲ್ಲದ ಕಾರಣ ಅದು ಆಡುವವನ ಗಡಿಯಾರವನ್ನು ತಿನ್ನುತ್ತದೆ. ಯೋಚಿಸಲು ಬಿಡುವು ಕೊಡುವ ಗುಣವೇ ನಿಲ್ಲಿಸಲು ಬಿಡದ ಗುಣವೂ ಆಗಿದೆ. ಫೀಸಿಗೆಂದು ಕೊಟ್ಟ ದುಡ್ಡು ಆ ಕೋಣೆಗಳಲ್ಲಿ ಕರಗಿದ್ದುಂಟು. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಂಡ ಹುಡುಗರ ಮನೆಯಲ್ಲಿ ತಾಯಂದಿರು ಪಟ್ಟ ಆತಂಕವನ್ನು ಯಾವ ಸಿದ್ಧಾಂತದಿಂದಲೂ ಹಗುರ ಮಾಡಲಾಗದು. ಕಟ್ಟೆಯ ಆಟಕ್ಕೆ ತನ್ನಷ್ಟಕ್ಕೆ ಒಂದು ಕೊನೆ ಇತ್ತು: ಕತ್ತಲಾದರೆ ಗೆರೆ ಕಾಣದು, ಎತ್ತು ಹೊಡೆದುಕೊಂಡು ಬರುವ ಹೊತ್ತಾದರೆ ಏಳಲೇಬೇಕು. ಕಂಪ್ಯೂಟರಿನಲ್ಲಿ ಆ ಮಿತಿಯನ್ನು ಹಾಕಬೇಕಾದವರು ಆಡುವವರೇ, ಮತ್ತು ಹದಿನೇಳನೆಯ ವಯಸ್ಸು ಮಿತಿ ಹಾಕಿಕೊಳ್ಳುವ ವಯಸ್ಸಲ್ಲ.

ಕಟ್ಟೆಯನ್ನು ಹೊಗಳಿ ಕಂಪ್ಯೂಟರನ್ನು ತೆಗಳುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಗುಡಿಯ ಕಟ್ಟೆ ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಆ ಚಪ್ಪಡಿಯ ಮೇಲೆ ಕೂರಲು ಬಿಡದ ಜಾತಿಗಳ ಮಕ್ಕಳು ದೂರದ ಬೇವಿನ ಮರದಡಿ ನೆಲದ ಮೇಲೆ ಇದ್ದಿಲಿನಿಂದ ಅದೇ ಗೆರೆ ಎಳೆದುಕೊಂಡು ಆಡಿದರು. ಹೆಂಗಸರ ಆಟ ಒಳಗಿತ್ತು: ಚೌಕಾಬಾರ, ಅಳಗುಳಿಮಣೆ, ಅದೂ ಕೆಲಸ ಮುಗಿದ ಮಧ್ಯಾಹ್ನದಲ್ಲಿ. ಗಂಡಸರ ಹುಲಿ-ಕುರಿಗೆ ಊರಿನ ಮೆಚ್ಚುಗೆ, ಹೆಂಗಸರ ಲೆಕ್ಕದ ಜಾಣತನಕ್ಕೆ ಗೋಡೆಯೊಳಗಿನ ಮೆಚ್ಚುಗೆ. ದುಡ್ಡು ಕೊಟ್ಟವರಿಗೆಲ್ಲ ಕುರ್ಚಿ ಕೊಡುತ್ತಿದ್ದ ಕಂಪ್ಯೂಟರಿನ ಕೋಣೆ ಜಾತಿಯ ವಿಷಯದಲ್ಲಿ ಕಟ್ಟೆಗಿಂತ ಎಷ್ಟೋ ವಾಸಿಯಾಗಿತ್ತು. ಕನ್ನಡ, ತೆಲುಗು, ಉರ್ದು ಮನೆಮಾತಿನ ಹುಡುಗರು ಒಂದೇ ಪರದೆಗೆ ಮೂರು ಬಣ್ಣಗಳಾಗಿ ಕೂತದ್ದು ಆದೋನಿಯಂಥ ಪಟ್ಟಣದಲ್ಲಿ ಬೇರೆ ಎಲ್ಲಿ ಅಷ್ಟು ಸಲೀಸಾಗಿ ನಡೆಯುತ್ತಿತ್ತು? ಆದರೆ ಹುಡುಗಿಯರ ವಿಷಯದಲ್ಲಿ ಆ ಕೋಣೆ ಕಟ್ಟೆಗಿಂತ ಒಂದಿಂಚೂ ಮುಂದೆ ಹೋಗಲಿಲ್ಲ. ಮಾಳಿಗೆಯ ಮೇಲಿನ ಮಬ್ಬು ಕೋಣೆಗೆ ಮಗಳನ್ನು ಕಳಿಸುವ ಮನೆ ಇರಲಿಲ್ಲ. ಆ ಕಾಲದ ನೆನಪನ್ನು ಸಿಹಿಯಾಗಿ ಹೇಳುವ ನಾವೆಲ್ಲ ಗಂಡಸರು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಸಮಾನ ಬುದ್ಧಿಯ ಅರ್ಧ ಊರಿಗೆ ಆ ಪಾಳಿ ಬರಲೇ ಇಲ್ಲ.

ಆಟದ ಒಳಗೂ ಒಂದು ಕುರುಡು ಇದೆ. ನಕ್ಷೆಯ ಮೇಲೆ ಗಣಿಯೊಂದರ ಮೇಲೆ ನಾಯಕ ಹಾದುಹೋದರೆ ಅದರ ಬಾವುಟದ ಬಣ್ಣ ಬದಲಾಗುತ್ತದೆ. ನಾಳೆಯಿಂದ ಅದಿರು ಇವನಿಗೆ. ಗಣಿಯೊಳಗಿನವರು ಯಾರು, ಅವರು ಏನಂದುಕೊಂಡರು ಎಂಬುದು ಆಟಕ್ಕೆ ಬೇಕಿಲ್ಲ. ಆದೋನಿಯ ಕೋಟೆಯ ಚರಿತ್ರೆಯನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. ವಿಜಯನಗರದ ಕೈಯಲ್ಲಿದ್ದ ಆ ಬೆಟ್ಟ ತಾಳಿಕೋಟೆಯ ಯುದ್ಧವಾದ ಕೆಲವೇ ವರ್ಷಗಳಲ್ಲಿ ಬಿಜಾಪುರದ ಆದಿಲಶಾಹಿಗೆ ಹೋಯಿತು. 17ನೆಯ ಶತಮಾನದ ಕೊನೆಯಲ್ಲಿ ಔರಂಗಜೇಬನ ಸೈನ್ಯ ಬಂತು, ಆಮೇಲೆ ನಿಜಾಮನ ಮನೆತನ, 1786ರಲ್ಲಿ ಟಿಪ್ಪು, ಮತ್ತೆ ನಿಜಾಮ, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ. ಕೆಳಗಿನ ಎರೆಹೊಲದಲ್ಲಿ ಜೋಳ ಬಿತ್ತುವವರು ಮಾತ್ರ ಅವರೇ. 1953ರಲ್ಲಿ ಆಂಧ್ರ ರಾಜ್ಯ ರಚನೆಯ ಬಗ್ಗೆ ಬಂದ ವಾಂಛೂ ವರದಿ ತಾಲೂಕುಗಳನ್ನು ಇಡಿಯಾಗಿ ಎಣಿಸಿ ಆಚೆಗಿಷ್ಟು ಈಚೆಗಿಷ್ಟು ಎಂದು ಹಂಚಿದಾಗಲೂ, ತಾಲೂಕಿನೊಳಗಿನ ಪೆದ್ದಹರಿವಾಣದಂಥ ಊರು ಯಾವ ಭಾಷೆ ಆಡುತ್ತದೆಯೆಂಬುದು ಲೆಕ್ಕಕ್ಕೆ ಬರಲಿಲ್ಲ. ನಕ್ಷೆಯನ್ನು ಮೇಲಿನಿಂದ ನೋಡುವ ಸುಖವನ್ನು ಈ ಆಟಗಳು ಕೊಡುತ್ತವೆ, ಮತ್ತು ಮೇಲಿನಿಂದ ನೋಡುವವರ ಮರೆವನ್ನೂ ಕಲಿಸುತ್ತವೆ. ಕುರಿಯಾಗಿ ಆಡುವ ಅವಕಾಶ ಕೊಟ್ಟ ಹುಲಿ-ಕುರಿ ಈ ಒಂದು ವಿಷಯದಲ್ಲಿ ‘ಹೀರೋಸ್’ಗಿಂತ ದೊಡ್ಡ ಆಟವೆಂದು ನನಗೆ ತೋರುತ್ತದೆ. ಅಲ್ಲಿ ತಿನ್ನಿಸಿಕೊಳ್ಳುವವನ ಕಡೆಯಿಂದಲೂ ಮಣೆಯನ್ನು ನೋಡಲೇಬೇಕು, ಮುಂದಿನ ಆಟದಲ್ಲಿ ಪಕ್ಷ ಬದಲಿಸಲೇಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಮೊಬೈಲ್ ಇಂಟರ್ನೆಟ್ ಬಂದ ಮೇಲೆ, ಅಲ್ಲಿಯವರೆಗೆ ಉಳಿದಿದ್ದ ಮಾಳಿಗೆಯ ಕೋಣೆಗಳೂ ಒಂದೊಂದಾಗಿ ಮುಚ್ಚಿದವು, ಅಥವಾ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳಾದವು. ಆಟ ಎಲ್ಲರ ಅಂಗೈಗೆ ಬಂತು. ಬಂದದ್ದು ಬೇರೆ ಆಟ. 2018ರಲ್ಲಿ ಬಂದು 2020ರ ಸೆಪ್ಟೆಂಬರಿನಲ್ಲಿ ಇಲ್ಲಿ ನಿಷೇಧವಾದ ಪಬ್ಜಿಯಲ್ಲಿ ಕಣ್ಣು ಮಿಟುಕಿಸಿದವನು ಸತ್ತ. ಗೆಳೆಯರ ಗುಂಪು ಅದರಲ್ಲೂ ಇತ್ತು, ಕೂಗಾಟ ಇತ್ತು, ಅದರ ಜಾಣತನವನ್ನು ನಾನು ಕೀಳೆನ್ನುವುದಿಲ್ಲ. ಆದರೆ ನಿಧಾನಕ್ಕೆ ಯೋಚಿಸುವವನಿಗೆ ಅದರಲ್ಲಿ ಜಾಗವಿಲ್ಲ. ಅದೇ ತಿಂಗಳು ಆಂಧ್ರ ಸರ್ಕಾರ ಆನ್‌ಲೈನ್ ರಮ್ಮಿಯನ್ನೂ ನಿಷೇಧಿಸಿತು. 2025ರಲ್ಲಿ ಕೇಂದ್ರದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಇಡೀ ದೇಶದಲ್ಲಿ ತಡೆಯಿತು. ರಮ್ಮಿಯೂ ಪಾಳಿಯ ಆಟವೇ ಅಲ್ಲವೇ, ಪಾಳಿಗೆ ಅಷ್ಟೊಂದು ಗುಣವಿದ್ದರೆ ಅದು ಯಾಕೆ ಮನೆಗಳನ್ನು ಮುಳುಗಿಸಿತು ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಸರಿಯಾದದ್ದೇ. ಆ ಪಾಳಿಯ ನೆತ್ತಿಯ ಮೇಲೆ ಸೆಕೆಂಡಿನ ಮುಳ್ಳು ಓಡುತ್ತಿರುತ್ತದೆ, ಎದುರಿನವನ ಮುಖ ಕಾಣುವುದಿಲ್ಲ, ಸೋಲಿನ ಕಾರಣ ಹುಡುಕಲು ಕೂತರೆ ಇನ್ನೊಂದು ಪಂದ್ಯಕ್ಕೆ ದುಡ್ಡು ಹಾಕೆಂದು ಪರದೆ ಕರೆಯುತ್ತದೆ. ಯೋಚಿಸಲು ಬಿಡದ ಪಾಳಿ ಹೆಸರಿಗೆ ಮಾತ್ರ ಪಾಳಿ. ಇತ್ತೀಚಿನ ಫೋನಿನ ಯುದ್ಧದಾಟಗಳೂ ಕೋಟೆ ಏಳಲು ಎಂಟು ಗಂಟೆ ಕಾಯಿ, ಇಲ್ಲವೇ ದುಡ್ಡು ಕೊಟ್ಟು ಈಗಲೇ ಏಳಿಸು ಎನ್ನುತ್ತವೆ. ಕಾಯುವುದನ್ನು ಹಿಂಸೆ ಮಾಡಿ ಅದರಿಂದ ಬಿಡುಗಡೆಯನ್ನು ಮಾರುವ ವ್ಯಾಪಾರ ಅದು. ಹಳೆಯ ಆಟದಲ್ಲಿ ಕಾಯುತ್ತಿದ್ದದ್ದು ಆಟ, ಮನುಷ್ಯನಲ್ಲ.

ಮೂರನೆಯ ‘ಹೀರೋಸ್’ ಇನ್ನೂ ಸತ್ತಿಲ್ಲ. ಅದನ್ನು ಮಾರುತ್ತಿದ್ದ 3ಡಿಓ ಕಂಪನಿ 2003ರಲ್ಲಿ ದಿವಾಳಿಯಾಯಿತು, ಹಕ್ಕು ಯೂಬಿಸಾಫ್ಟ್‌ಗೆ ಹೋಯಿತು, 2015ರಲ್ಲಿ ಹೊಳಪು ಕೊಟ್ಟ ಆವೃತ್ತಿ ಬಂತು. ಪೋಲೆಂಡ್, ರಷ್ಯಾ ಕಡೆಯ ಅಭಿಮಾನಿಗಳು ಈಗಲೂ ಹೊಸ ಪಟ್ಟಣ, ಹೊಸ ನಕ್ಷೆ ಸೇರಿಸುತ್ತಲೇ ಇದ್ದಾರೆ. ನಮ್ಮ ಕಡೆಯ ಮಕ್ಕಳ ದೃಷ್ಟಿಯಿಂದ ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಆಟ, ‘ಬ್ಯಾಟಲ್ ಫಾರ್ ವೆಸ್ನಾತ್’. 2003ರಲ್ಲಿ ಡೇವಿಡ್ ವೈಟ್ ಎಂಬವರು ಶುರು ಮಾಡಿದ ಇದು ಸ್ವತಂತ್ರ ತಂತ್ರಾಂಶ: ಬೆಲೆಯಿಲ್ಲ, ನಕಲು ಮಾಡಿದರೆ ಕಳ್ಳತನವಲ್ಲ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಒಂದೇ ಯಂತ್ರದಲ್ಲಿ ಹಲವರು ಪಾಳಿಯ ಮೇಲೆ ಆಡಬಹುದು. ಹಗಲಿನಲ್ಲಿ ಒಂದು ಪಕ್ಷಕ್ಕೆ ಬಲ, ರಾತ್ರಿಯಲ್ಲಿ ಇನ್ನೊಂದಕ್ಕೆ. ನಕ್ಷೆ ಕಟ್ಟುವ ಸಲಕರಣೆ ಆಟದ ಜೊತೆಗೇ ಬರುತ್ತದೆ. ಉತ್ತರಕ್ಕೆ ತುಂಗಭದ್ರೆ, ನಡುವೆ ಆದೋನಿಯ ಬೆಟ್ಟ, ಸುತ್ತ ಎರೆಹೊಲ ಇಟ್ಟು, ಮೂರು ಬಲಾಢ್ಯರ ಎದುರು ಹದಿನೈದು ದುರ್ಬಲರನ್ನು ನಿಲ್ಲಿಸಿ ಒಂದು ಆಟ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅದರ ಮಾತುಗಳೆಲ್ಲ ಕೋಡಿನಿಂದ ಬೇರೆಯಾಗಿ ಅನುವಾದದ ಕಡತಗಳಲ್ಲಿವೆ. ಆ ಹತ್ತು ವರ್ಷಗಳಲ್ಲಿ ಮಾಳಿಗೆಯ ಕೋಣೆಯಲ್ಲಿ ಕೂತು, ಇಂದು ಬೆಂಗಳೂರಿನಲ್ಲಿ ಕೋಡ್ ಬರೆದು ಬದುಕುವವರಿಗೆ ಆ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ ಕಷ್ಟದ್ದಲ್ಲ; ಕರ್ನೂಲಿನ ಪಶ್ಚಿಮದ ಕನ್ನಡ ಶಾಲೆಗಳಲ್ಲಿ ಕಂಪ್ಯೂಟರ್ ಇರುವ ಕಡೆ ಅದನ್ನು ತುಂಬಿ ಕೊಡುವುದೂ ಕಷ್ಟವಲ್ಲ, ಅಲ್ಲಿ ಹುಡುಗಿಯರೂ 
ಕುರ್ಚಿಯಲ್ಲಿ ಕೂರುತ್ತಾರೆ. ಆಟ ಕಲಿಸುವ ಮೊದಲ ಪಾಠವೊಂದು ವೆಸ್ನಾತ್‌ನಲ್ಲೇ ಇದೆ. ಶುರು ಮಾಡುವವರು ಅದನ್ನೇ ಮೊದಲು ಕನ್ನಡಕ್ಕೆ ತರಲಿ, ಮುಂದೆ ಯಾವುದು ಬೇಕೆಂದು ಆಡುವ ಮಕ್ಕಳೇ ಹೇಳುತ್ತಾರೆ.